ಗಾಯಪ್ಪನ ತೂಕ

ನಾನು ಒಂದು ಗೊಂಬೆ. ಗೊಂಬೆ ಎಂದ ಕೂಡಲೇ ಮಕ್ಕಳ ಆಟಿಕೆ ಎಂದುಕೊಂಡು ನಗಬೇಡಿ. ಆಳೆತ್ತರ ಇದ್ದೇನೆ, ಎಪ್ಪತ್ತು ಕಿಲೋ ತೂಗುತ್ತೇನೆ. ನನ್ನ ಉದ್ಯೋಗವೆಂದರೆ ಗಾಯಗೊಂಡು ಬಿದ್ದಿರುವುದು. ಬೆಳಗಾವಿ ಸೀಮೆಯ ಕುರುಚಲು ಗುಡ್ಡವೊಂದರ ಮೇಲೆ ಸೈನಿಕರ ತರಬೇತಿ ಶಿಬಿರವಿದೆ. ಅಲ್ಲಿ ಗುಂಡು ತಗುಲಿದ ಜೊತೆಗಾರನನ್ನು ಹೆಗಲ ಮೇಲೆ ಹೊತ್ತು ತರುವುದನ್ನು ಕಲಿಸುತ್ತಾರೆ. ಕಲಿಯುವವರಿಗೆ ದಿನವೂ ಒಬ್ಬ ಗಾಯಾಳು ಬೇಕಲ್ಲ, ಅವನೇ ನಾನು. ಲೆಕ್ಕವಿಲ್ಲದಷ್ಟು ಸಲ ಗಾಯಗೊಂಡಿದ್ದೇನೆ, ಇನ್ನೂ ಗಟ್ಟಿಮುಟ್ಟಾಗಿದ್ದೇನೆ.

ಡೇರೆ ಹೊಲಿಯುವ ತುಕಾರಾಮ ನನ್ನನ್ನು ಹುಟ್ಟಿಸಿದ. ಹಳೆಯ ಡೇರೆಯ ದಪ್ಪ ಬಟ್ಟೆಯನ್ನು ಕತ್ತರಿಸಿ ಕೈಕಾಲು, ಎದೆ, ಹೊಟ್ಟೆ ಮಾಡಿ, ಒಳಗೆ ಮಲಪ್ರಭೆಯ ಮರಳು ತುಂಬಿದ. ಕೊನೆಗೆ ಇದ್ದಿಲು ಹಿಡಿದು ಕಣ್ಣು ಮೂಗು ಬರೆಯಲು ಬಾಗಿದಾಗ ಹಿಂದಿನಿಂದ ಒಂದು ದನಿ ಬಂತು.

“ಮಾರಿ ಬರೀಬ್ಯಾಡೋ ತುಕಾರಾಮ. ಯಾರರ ಮಾರಿ ಹಂಗ ಕಂಡ್ರ ಹುಡುಗೂರಿಗೆ ತ್ರಾಸ ಆಕ್ಕೈತಿ.”

ಹಾಗೆ ಹೇಳಿದವರು ಉಸ್ತಾದ್ ಯಮನಪ್ಪ ದಳವಾಯಿ. ಸೈನ್ಯದಲ್ಲಿ ಕಲಿಸುವವರನ್ನು ಉಸ್ತಾದ್ ಎನ್ನುತ್ತಾರೆ. ಅವರ ಕೃಪೆಯಿಂದ ನನಗೆ ಮುಖವೇ ಇಲ್ಲದಂತಾಯಿತು. ಹೆಸರು ಮಾತ್ರ ಮೊದಲ ತಂಡದ ಹುಡುಗರೇ ಇಟ್ಟರು: ಗಾಯಪ್ಪ. ನಾಮಕರಣಕ್ಕೆ ಒಂದು ಪೇಡೆಯನ್ನೂ ಹಂಚಲಿಲ್ಲ ಪುಣ್ಯಾತ್ಮರು.

ನನ್ನ ಲೋಕ ತಲೆಕೆಳಗಾದದ್ದು. ಹೊತ್ತವರ ಬೆನ್ನ ಮೇಲೆ ಜೋತುಬಿದ್ದವನಿಗೆ ಅವರ ಹಿಮ್ಮಡಿ ಬಿಟ್ಟು ಇನ್ನೇನು ಕಾಣುತ್ತದೆ? ಹಿಮ್ಮಡಿಗಳನ್ನು ನೋಡಿಯೇ ನಾನು ಮನುಷ್ಯರನ್ನು ಅರಿತೆ. ಕೆಲವರು ನನ್ನ ವಂಶವನ್ನೆಲ್ಲ ಬೈಯುತ್ತ ಓಡುತ್ತಿದ್ದರು. ಒಬ್ಬನಂತೂ ಪ್ರತಿ ಸಲ ಕೆಳಗಿಳಿಸುವಾಗ “ತಪ್ಪಾತು ಗಾಯಪ್ಪ, ಪೆಟ್ಟ ಹತ್ತಿತೇನು” ಎಂದು ಕೇಳುತ್ತಿದ್ದ. ಅವನ ಮೇಲೆ ನನಗೆ ಬಹಳ ಪ್ರೀತಿಯಿತ್ತು.

ಯಮನಪ್ಪ ಉಸ್ತಾದರು ಕುಂಟುತ್ತಿದ್ದರು. ಯೌವನದಲ್ಲಿ ಗಡಿಯ ಬೆಟ್ಟವೊಂದರಲ್ಲಿ ಅವರ ತೊಡೆಗೆ ಗುಂಡು ಬಿದ್ದಿತ್ತಂತೆ. ಜೊತೆಗಾರನೊಬ್ಬ ಅವರನ್ನು ಹೊತ್ತು ಬೆಟ್ಟ ಇಳಿಸಿದ್ದನಂತೆ. ಅಂದಿನಿಂದ ಅವರು ಯಾರನ್ನು ಕಂಡರೂ, ಅಡುಗೆಭಟ್ಟನಿಂದ ಹಿಡಿದು ಹೊಸ ಅಧಿಕಾರಿಯವರೆಗೆ, ಮೇಲಿಂದ ಕೆಳಗೆ ನೋಡಿ ಮನಸ್ಸಿನಲ್ಲೇ ಒಂದು ಪ್ರಶ್ನೆ ಕೇಳುತ್ತಿದ್ದರು: ಈತ ನನ್ನನ್ನು ಎತ್ತಬಲ್ಲನೇ?

ಒಂದು ವರ್ಷ ಶಿಬಿರಕ್ಕೆ ಹೆಣ್ಣುಮಕ್ಕಳು ಬಂದರು. ಗಡಿಯ ಮುಂಚೂಣಿ ತುಕಡಿಗೆ ಮೊದಲ ಸಲ ಹೆಂಗಸರನ್ನು ಪರೀಕ್ಷೆಗೆ ಕರೆದಿದ್ದರು. ಗೆದ್ದವರು ಗಂಡಸರ ಜೊತೆ ಠಾಣ್ಯಕ್ಕೆ ಹೋಗುವರು, ಸೋತವರು ತಮ್ಮ ಹಳೆಯ ಕೆಲಸಕ್ಕೆ ಹಿಂತಿರುಗುವರು. ಸುದ್ದಿ ಬಂದ ದಿನ ಉಗ್ರಾಣದಲ್ಲಿ ಬಂದೂಕಿಗೆ ಎಣ್ಣೆ ಹಾಕುತ್ತಿದ್ದ ಇಬ್ಬರು ಜವಾನರಿಗೆ ವಾದ ಹತ್ತಿಕೊಂಡಿತು.

“ಗುಂಡೇನು ಗಂಡು ಹೆಣ್ಣು ನೋಡಿ ಬರತೈತೇನು? ಗುರಿ ಇಟ್ಟು ಹೊಡಿಯಾಕ ಬಂದ್ರ ಸಾಕು” ಎಂದ ಒಬ್ಬ.

“ಹೊಡಿಯಾಕ ಯಾರಿಗರ ಬರತೈತಿ. ನನಗ ಗುಂಡು ಬಿದ್ರ ನನ್ನ ಎತಗೊಂಡು ಓಡಾಕ ಆಕ್ಕೈತೇನು, ಅದನ್ನ ಹೇಳು” ಎಂದ ಇನ್ನೊಬ್ಬ.

ನನಗೆ ಕುತೂಹಲ ತಡೆಯಲಾಗಲಿಲ್ಲ. ಆ ಪ್ರಶ್ನೆಗೆ ಉತ್ತರ ಸಿಗಬೇಕಾದದ್ದು ನನ್ನ ಮೈಮೇಲೆ ಅಲ್ಲವೇ! ಯಾವಾಗ ಬಂದು ಎತ್ತುತ್ತಾರೋ ಎಂದು ಕಾದು ಮಲಗಿದೆ.

ಬಂದರು, ಎತ್ತಿದರು, ಕೆಡವಿದರು. ಮೊದಲ ವಾರ ನಾನು ತಿಂದ ಪೆಟ್ಟು ಅಷ್ಟಿಷ್ಟಲ್ಲ. ಅವರಲ್ಲಿ ಅತಿ ಹೆಚ್ಚು ಕೆಡವಿದವಳು ಬೈಲಹೊಂಗಲದ ದಿಲಶಾದ ನದಾಫ. ಗಿಡ್ಡ ಹುಡುಗಿ, ಮೂಗಿನ ತುದಿಯಲ್ಲೇ ಸಿಟ್ಟು. ಎರಡು ವರ್ಷ ಒಂದು ಸೈನಿಕ ನೆಲೆಯ ಬಾಗಿಲಲ್ಲಿ ನಿಂತು ಒಳಬರುವ ಹೆಂಗಸರ ಚೀಲ ತಪಾಸಣೆ ಮಾಡಿದವಳು.

“ಟಿಫಿನ್ ಡಬ್ಬಿ, ಬಾಚಣಿಕಿ ಹುಡುಕಿ ಹುಡುಕಿ ಬ್ಯಾಸರಾಗೇತಿ” ಎಂದು ಗೆಳತಿ ಶೈಲಾಳಿಗೆ ಹೇಳುತ್ತಿದ್ದಳು. “ಇದರಾಗ ಸೋತ್ರ ಮತ್ತ ಅದ ಬಾಗಿಲಾ. ನಾ ಹೋಗಂಗಿಲ್ಲ.”

ಶೈಲಾ ಪಾಚ್ಛಾಪುರದವಳು, ಉದ್ದನೆಯ ಆಳು, ದಿಲಶಾದಳ ಪಕ್ಕದ ಮಂಚದವಳು. ಅವಳು ನನ್ನನ್ನು ಬಯಲಿನಲ್ಲಿ ಹೇಗೋ ಎಳೆದಾಡುತ್ತಿದ್ದಳು, ಏರು ಬಂದರೆ ಕೂತುಬಿಡುತ್ತಿದ್ದಳು. ಸಂಜೆ ಇಬ್ಬರೂ ಒಬ್ಬರ ಹೆಗಲಿಗೊಬ್ಬರು ಎಣ್ಣೆ ತಿಕ್ಕಿಕೊಂಡು ಅಳುವುದನ್ನು ಯಮನಪ್ಪ ಉಸ್ತಾದರು ದೂರದಿಂದ ನೋಡುತ್ತಿದ್ದರು. ಅವರ ಮುಖ ದಿನದಿನಕ್ಕೆ ಸಣ್ಣಗಾಗುತ್ತ ಬಂತು.

ಪರೀಕ್ಷೆಯ ಹಿಂದಿನ ಸಂಜೆ ಉಸ್ತಾದರು ಒಬ್ಬರೇ ಉಗ್ರಾಣಕ್ಕೆ ಬಂದರು. ನನ್ನ ಹೊಟ್ಟೆಯ ಹೊಲಿಗೆ ಬಿಚ್ಚಿದರು. ಬೊಗಸೆ ಬೊಗಸೆ ಮರಳು ತೆಗೆದು ಬಕೆಟ್ಟಿಗೆ ಸುರಿದರು, ಆ ಜಾಗಕ್ಕೆ ಕಟ್ಟಿಗೆಯ ಹೊಟ್ಟು ತುಂಬಿದರು. ಮತ್ತೆ ಹೊಲಿಯುವಾಗ ಸೂಜಿ ಬೆರಳಿಗೆ ಚುಚ್ಚಿಕೊಂಡು ನನ್ನನ್ನೇ ಬೈದರು.

“ಗಾಯಪ್ಪ, ಯಾರ ಮುಂದೂ ಹೇಳಬ್ಯಾಡ ಮತ್ತ” ಎಂದರು ಕೊನೆಗೆ. ನಾನು ಯಾರ ಮುಂದೆ ಹೇಳಲಿ? ನನಗೆ ಬಾಯಿ ಬರೆಯಲು ಬಿಡದವರು ಅವರೇ.

ಮರುದಿನ ಮೇಜರ್ ಸಾಹೇಬರ ಎದುರಿಗೆ ಹುಡುಗಿಯರೆಲ್ಲ ನನ್ನನ್ನು ಹೊತ್ತು ಗುಡ್ಡದ ಏರು ಹತ್ತಿದರು. ಒಬ್ಬಳೂ ಬೀಳಲಿಲ್ಲ. ಶೈಲಾಳಂತೂ ಕೊನೆಯಲ್ಲಿ ನಾಲ್ಕು ಹೆಜ್ಜೆ ಓಡಿಯೇಬಿಟ್ಟಳು. ಮೇಜರರು ಖುಷಿಯಾಗಿ ಊರಿನಿಂದ ಕುಂದಾ ತರಿಸಿ ಹಂಚಿದರು. ಉಗ್ರಾಣದ ಜವಾನರು ಬಾಯಿ ಮುಚ್ಚಿಕೊಂಡು ಕುಂದಾ ತಿಂದರು. ನನಗೊಬ್ಬನಿಗೇ ಒಳಗೊಳಗೆ ಹಳಹಳಿ.

ನನ್ನನ್ನು ಉಗ್ರಾಣಕ್ಕೆ ಮರಳಿಸುವ ಪಾಳಿ ಅಂದು ದಿಲಶಾದಳದು. ಹಾಡು ಗುನುಗುತ್ತ ಎತ್ತಿದಳು. ನಾಲ್ಕು ಹೆಜ್ಜೆಗೆ ಹಾಡು ನಿಂತಿತು. ಪರೀಕ್ಷೆಯ ಗಡಿಬಿಡಿಯಲ್ಲಿ ಗೊತ್ತಾಗದ ಹಗುರ ಈಗ ಹೆಗಲಿಗೆ ಗೊತ್ತಾಯಿತು. ಕೆಳಗಿಳಿಸಿ ನನ್ನ ಹೊಟ್ಟೆಯನ್ನು ಅಂಗೈಯಿಂದ ಒತ್ತಿದಳು, ಪಕ್ಕೆ ಒತ್ತಿದಳು, ಮತ್ತೆ ಹೊಟ್ಟೆ ಒತ್ತಿದಳು. ನದಾಫರ ಮನೆತನದ ಕಸುಬು ಗಾದಿ ತುಂಬುವುದು. ಹತ್ತಿ ಎಲ್ಲಿ ಗಟ್ಟಿ, ಎಲ್ಲಿ ಪೊಳ್ಳು ಎಂದು ಒತ್ತಿ ನೋಡುತ್ತಲೇ ಬೆಳೆದ ಕೈ ಅದು. ಹೊಲಿಗೆಯ ಸಂದಿಯಲ್ಲಿ ಬೆರಳು ತೂರಿಸಿ ಚಿಟಿಕೆ ಹೊಟ್ಟು ಹೊರಗೆಳೆದಳು. ಅವಳ ಮುಖದ ಮೇಲಿದ್ದ ಸಂತೋಷವೆಲ್ಲ ಇಳಿದುಹೋಯಿತು. ನನ್ನ ಪಕ್ಕದಲ್ಲೇ ಕುಸಿದು ಕುಳಿತಳು. ಪಾಪ, ಅಷ್ಟು ಹೊತ್ತು ಗೆದ್ದೆನೆಂದು ತಿಳಿದಿದ್ದಳು.

ಬೆಳಗಾಗುತ್ತಲೇ ಉಸ್ತಾದರನ್ನು ಉಗ್ರಾಣಕ್ಕೆ ಕರೆತಂದಳು. ಅಂಗೈಯಲ್ಲಿದ್ದ ಹೊಟ್ಟನ್ನು ತೋರಿಸಿದಳು.

“ಇದೇನ್ರಿ ಉಸ್ತಾದ್?”

ಉಸ್ತಾದರು ಬಾಗಿಲು ಎಳೆದುಕೊಂಡರು. “ಸುಮ್ನಿರು ತಂಗಿ. ಎಲ್ಲಾರೂ ಪಾಸಾಗೀರಿ. ನೀವು ಅಳೂದು ನೋಡಾಕ ಆಗಲಿಲ್ಲ ನನಗ.”

“ಸೋಲತೀವಂತ ನೀವ ಮೊದಲ ತೀರ್ಮಾನ ಮಾಡಿಬಿಟ್ರಿ.”

“ಹಂಗಲ್ಲವಾ. ಖರೇ ಜಗಳದಾಗ ಸುತ್ತ ಹತ್ತು ಮಂದಿ ಇರತಾರ. ಯಾರರ ಎತಗೋತಾರ.”

ದಿಲಶಾದ ಉಸ್ತಾದರ ಕುಂಟುಗಾಲನ್ನು ನೋಡಿದಳು. “ನಿಮ್ಮನ್ನ ಹೊತ್ತ ತಂದಾಂವ ಹಂಗ ಅಂದಿದ್ರ, ಯಾರರ ಎತಗೋತಾರ ಅಂತ?”

ಉಸ್ತಾದರು ಬಾಗಿ ನನ್ನ ಹೊಟ್ಟೆಯ ಹೊಲಿಗೆಯ ಮೇಲೆ ಕೈಯಾಡಿಸಿದರು.

“ನಾ ಹೋಗಿ ಹೇಳಿದ್ರ ಚಾಡಿ ಆಗತೈತ್ರಿ” ಎಂದಳು ದಿಲಶಾದ, ದನಿ ತಗ್ಗಿಸಿ. “ನೀವ ಹೇಳ್ರಿ.”

ಅವರು ಹೇಳಿದರು. ಅದೇ ಬೆಳಿಗ್ಗೆ, ಟೋಪಿ ಸರಿಮಾಡಿಕೊಂಡು, ಮೇಜರರ ಕೋಣೆಗೆ ನಡೆದೇ ಹೋದರು. ಮೇಜರರು ಪರೀಕ್ಷೆಯನ್ನು ರದ್ದು ಮಾಡಿ ಇನ್ನೊಂದು ತಿಂಗಳಿಗೆ ಹೊಸ ಪರೀಕ್ಷೆ ಇಟ್ಟರು. ಉಸ್ತಾದರನ್ನು ಮೈದಾನದಿಂದ ತೆಗೆದು ಅಡುಗೆಮನೆಯ ಸಾಮಾನು ನೋಡಿಕೊಳ್ಳಲು ಹಾಕಿದರು. ನಿವೃತ್ತಿಗೆ ಕೆಲವೇ ತಿಂಗಳಿದ್ದ ಮನುಷ್ಯ, ಗೋಧಿ ಹಿಟ್ಟಿನ ಮೂಟೆಗಳ ನಡುವೆ ಕುಳಿತರು.

ಹೊಟ್ಟನ್ನು ಕಂಡುಹಿಡಿದವಳು ಅವಳೆಂದು ತಿಳಿದು ಹುಡುಗಿಯರ ಕೋಪವೆಲ್ಲ ದಿಲಶಾದಳ ಮೇಲೆ ತಿರುಗಿತು. ಶೈಲಾ ಅವಳ ಮಂಚದ ಪಕ್ಕದಿಂದ ತನ್ನ ಟ್ರಂಕು ಎಳೆದುಕೊಂಡು ಹೋದಳು.

“ನಿನಗ ಬ್ಯಾಡಾಗಿದ್ರ ನೀ ಒಬ್ಬಾಕಿ ಬಿಡಬೇಕಿತ್ತು. ನಮ್ಮನ್ನೆಲ್ಲ ಯಾಕ ಎಳದಿ?” ಎಂದಳಂತೆ.

ಅದೂ ನ್ಯಾಯವಾದ ಪ್ರಶ್ನೆಯೇ. ದಿಲಶಾದ ನನ್ನ ಹೊಟ್ಟೆಗೆ ಮರಳು ತುಂಬುವಾಗ ಅದನ್ನು ನನ್ನ ಮುಂದೆ ಹೇಳಿಕೊಂಡು ಅತ್ತಳು. ಅಳುತ್ತಲೇ ಹೊಲಿದಳು. ಹೊಲಿಗೆ ಮಾತ್ರ ಅಚ್ಚುಕಟ್ಟಾಗಿತ್ತು, ತುಕಾರಾಮನಿಗಿಂತ ಚೆನ್ನಾಗಿತ್ತು.

ಆಮೇಲೆ ಅದೇ ಹಳೆಯ ಕಥೆ. ಎತ್ತುವಳು, ಏರಿನ ತಿರುವಿಗೆ ಬರುವಳು, ಧೊಪ್ಪೆಂದು ಕೆಡವುವಳು. ತೋಳಿನ ಬಲದಿಂದಲೇ ಎತ್ತಲು ನೋಡುತ್ತಿದ್ದಳು. ಒಂದು ಸಂಜೆ ಹೀಗೆಯೇ ಕೆಡವಿ, ನನ್ನ ಮೇಲೆಯೇ ಕುಳಿತು ಉಸಿರು ಬಿಡುತ್ತಿದ್ದಾಗ ಯಮನಪ್ಪ ಬಂದರು. ಮೈಯೆಲ್ಲ ಹಿಟ್ಟು. ಒಂದು ಮಾತಿಲ್ಲದೆ ನನ್ನ ಪಕ್ಕದಲ್ಲಿ ನೆಲದ ಮೇಲೆ ಮಲಗಿಬಿಟ್ಟರು.

“ಎತ್ತು” ಎಂದರು.

“ಉಸ್ತಾದ್, ನೀವು ಗಾಯಪ್ಪಗಿಂತ ಭಾರ ಅದೀರಿ.”

“ಅದಕ್ಕ ಹೇಳಿದ್ದು. ತೋಳಿಲೆ ಎತ್ತಬ್ಯಾಡ. ಇಷ್ಟು ದಿನ ಗಂಡಸೂರಿಗೆ ಹೇಳಿಕೊಟ್ಟಿದ್ದ ನಿಮಗೂ ಹೇಳಿಕೊಟ್ಟೆ, ಅದ ನನ್ನ ತಪ್ಪಾತು. ನನ್ನ ಬಾಜೂಕ ಮಲಕೋ. ನನ್ನ ಕೈಕಾಲು ಎಳಕೊಂಡು ನನ್ನ ನಿನ್ನ ಬೆನ್ನಿನ ಮ್ಯಾಲೆ ಉಳ್ಳಿಸಿಕೋ. ಆಮ್ಯಾಲೆ ಮಣಕಾಲು ಊರು. ಏಳೂದು ತೊಡಿ ಕಸುವಿನಿಂದ.”

ದಿಲಶಾದ ಮಲಗಿದಳು, ಅವರನ್ನು ಬೆನ್ನಿಗೆ ಉರುಳಿಸಿಕೊಂಡಳು, ಮೊಣಕಾಲೂರಿದಳು. ಎರಡು ಸಲ ಇಬ್ಬರೂ ಮಣ್ಣುಪಾಲಾದರು. ಮೂರನೆಯ ಸಲ ಎದ್ದುನಿಂತಳು. ಎದ್ದು ನಡೆದಳು. ನಾನು ನೆಲದ ಮೇಲೆ ಬಿದ್ದುಕೊಂಡೇ ನೋಡಿದೆ. ಇಷ್ಟು ವರ್ಷ ಹೊರಿಸಿಕೊಂಡವನು ನಾನು, ಹೊರುವುದು ಹೇಗೆ ಕಾಣುತ್ತದೆ ಎಂದು ಅಂದೇ ನೋಡಿದ್ದು! ಏರಿನ ತಿರುವು ದಾಟಿ ಹೋಗುವಾಗ ಉಸ್ತಾದರ ಕಣ್ಣು ಮುಚ್ಚಿತ್ತು. ಯಾವ ಬೆಟ್ಟ ಇಳಿಯುತ್ತಿದ್ದರೋ ಯಾರಿಗೆ ಗೊತ್ತು. ಮೇಲೆ ತಲುಪಿದ ಮೇಲೂ ಇಳಿಯುವುದನ್ನು ಮರೆತಿದ್ದರು.

“ಇಳಿರಿ ಉಸ್ತಾದ್, ಜೀವಾ ಹೊಂಟೈತಿ ನಂದು” ಎಂದು ಅವಳು ಹೇಳಬೇಕಾಯಿತು.

ಮರುದಿನದಿಂದ ಉಳಿದ ಹುಡುಗಿಯರೂ ಸಂಜೆ ಹೊತ್ತು ಉಸ್ತಾದರಿಂದ ಆ ವಿದ್ಯೆ ಕಲಿತರು. ಶೈಲಾ ಕೂಡ ಬಂದಳು, ದಿಲಶಾದಳ ಕಡೆ ನೋಡದೆಯೇ ಕಲಿತಳು. ಪರೀಕ್ಷೆಯ ದಿನ ನಾನು ನನ್ನ ಪೂರ್ತಿ ತೂಕದಲ್ಲಿ ಮೆರೆದೆ. ಮೇಜರರು ತಮಾಷೆಗೆಂದು ಉಗ್ರಾಣದಲ್ಲಿ ‘ನನ್ನ ಎತಗೊಂಡು ಓಡಾಕ ಆಕ್ಕೈತೇನು’ ಎಂದಿದ್ದ ಜವಾನನನ್ನೂ ಕರೆದು ಹೊರಲು ಹೇಳಿದರು. ಕುಂದಾ ತಿಂದು ಮೈ ಬಂದಿತ್ತೋ ಏನೋ, ಅರ್ಧ ಏರಿನಲ್ಲೇ ನನ್ನನ್ನು ಕೆಡವಿದ. ಹುಡುಗಿಯರಲ್ಲಿ ಹೆಚ್ಚಿನವರು ಮೇಲೆ ತಲುಪಿದರು. ದಿಲಶಾದ ತಲುಪಿದಳು. ಶೈಲಾ ತಿರುವಿನಲ್ಲಿ ಕುಸಿದಳು. ಎರಡನೆಯ ಸಲವೂ ಅಲ್ಲಿಯೇ ಕುಸಿದಳು. ಸಂಜೆಯ ಬಸ್ಸಿಗೆ ಹೊರಟಳು. ದಿಲಶಾದ ಟ್ರಂಕು ಹಿಡಿಯಲು ಹೋದರೆ ಕೈ ಕೊಸರಿಕೊಂಡು ತಾನೇ ಹೊತ್ತುಕೊಂಡು ಹೋದಳು. ನನಗೆ ಅಂದು ಯಾರ ಮೇಲೆ ಸಿಟ್ಟು ಮಾಡಬೇಕೆಂದು ತಿಳಿಯಲಿಲ್ಲ.

ವರ್ಷಗಳು ಉರುಳಿದವು. ಯಮನಪ್ಪ ನಿವೃತ್ತರಾಗಿ ಹೋದರು. ಅವರ ಬೆನ್ನಿಗೇ ರಬ್ಬರಿನ ಹೊಸ ಗೊಂಬೆ ಬಂತು, ಅದಕ್ಕೆ ಮೂಗು, ಕಿವಿ, ತಲೆಗೂದಲು ಕೂಡ ಇವೆ. ನನ್ನ ಕಂಕುಳಲ್ಲಿ ಇಲಿ ಮರಿ ಹಾಕಿತು. ಮರಳು ಸೋರಿ ಸೋರಿ ನಾನು ಈಗ ಎಷ್ಟು ತೂಗುತ್ತೇನೋ ಕೇಳಬೇಡಿ, ನಾಚಿಕೆಯಾಗುತ್ತದೆ. ಉಗ್ರಾಣದ ಮೂಲೆಯಲ್ಲಿ ಹಳೆಯ ಡೇರೆಗಳ ಮೇಲೆ ಬಿದ್ದಿದ್ದೇನೆ.

ಈ ಬೇಸಿಗೆಯಲ್ಲಿ ಹೊಸ ಉಸ್ತಾದ್ ಬಂದರು. ಹಿಮ್ಮಡಿ ನೋಡಿಯೇ ಗುರುತು ಹಿಡಿದೆ, ದಿಲಶಾದ. ಕಿವಿಯ ಹತ್ತಿರ ಕೂದಲು ನರೆತಿದೆ, ಸಿಟ್ಟು ಮೂಗಿನಿಂದ ಇಳಿದು ಎಲ್ಲೋ ಒಳಗೆ ಹೋಗಿದೆ. ಹುಡುಗರು, ಹುಡುಗಿಯರು ಕೂಡಿಯೇ ಕಲಿಯುತ್ತಾರೆ ಈಗ. ಮಧ್ಯಾಹ್ನದ ಬಿಸಿಲಿಗೆ ಎಲ್ಲರೂ ಉಗ್ರಾಣದ ನೆರಳಿಗೆ ಬಂದು ಕೂತಾಗ ಗದಗದ ಕಡೆಯ ಒಬ್ಬ ಹುಡುಗಿ ಕೇಳಿಯೇಬಿಟ್ಟಳು.

“ಉಸ್ತಾದ್, ಖರೇನ ಯಾರನ್ನರ ಹೊತ್ತೀರೇನ್ರಿ?”

“ಇಬ್ಬರನ್ನ” ಎಂದಳು ದಿಲಶಾದ. ನೀರಿನ ಬಾಟಲಿಯ ಮುಚ್ಚಳ ತಿರುಗಿಸುತ್ತಿದ್ದ ಕೈ ನಿಂತಿತು. “ಮೊದಲನೇದಾಂವ ಹಾದಿಯೊಳಗ ಹೋದ. ನನಗ ತಿಳೀಲಿಲ್ಲ. ಅವನ ಕೂಡ ಮಾತಾಡಕೋತ ನಡದಿದ್ದೆ. ಇಳಿಸಿದ ಮ್ಯಾಲೆ ಡಾಕ್ಟರ್ ಹೇಳಿದ್ರು.”

ಅದೇ ಹುಡುಗಿ, “ಎರಡನೇದಾವ್ರು?” ಎಂದಳು.

“ಆಕಿ ಶೈಲಾ ಅಂತ. ಇಲ್ಲೇ ಸೋತು ಹೋಗಿ, ಮರುವರ್ಷ ಬಂದು ಪಾಸಾಗಿ, ನನ್ನ ಠಾಣ್ಯಕ್ಕ ಬಂದಾಕಿ. ಎರಡು ವರ್ಷ ಒಂದ ಡೇರೆದಾಗ ಇದ್ರೂ ನನ್ನ ಕೂಡ ಮಾತಾಡಿರಲಿಲ್ಲ. ಆವತ್ತು ಹೊಟ್ಟಿಗೆ ಗುಂಡು ತಿಂದು ನನ್ನ ಬೆನ್ನ ಮ್ಯಾಲೆ ಬಿದ್ಲು ನೋಡು, ಗುಡ್ಡ ಇಳಿಯೂತನಕ ಬೈಕೋತ ಬಂದ್ಲು. ನಡಿಯಾಕ ಬರೂದಿಲ್ಲೇನ, ಹಾದಿ ನೋಡಿಕೊಂಡು ನಡಿ, ಯಾರು ತಗೊಂಡ್ರು ನಿನ್ನ ಸೈನ್ಯಕ್ಕ ಅಂತ. ನಾನೂ ಬೈದೆ. ಬೈಗಳ ನಿಂತ್ರ ನನಗ ಜೀವಾ ಹೋದಂಗ ಆಗತಿತ್ತು. ನಿಲ್ಲಿಸಲಿಲ್ಲ ಪುಣ್ಯಾತಗಿತ್ತಿ. ಉಳದ್ಲು.”

ಹುಡುಗ ಹುಡುಗಿಯರೆಲ್ಲ ನಕ್ಕರು. ದಿಲಶಾದಳೂ ನಕ್ಕಳು, ಆಮೇಲೆ ಮುಖಕ್ಕೆ ನೀರು ಚಿಮುಕಿಸಿಕೊಂಡು ಎದ್ದುಹೋದಳು.

ಅಂದಿನಿಂದ ಮೂಲೆಯಲ್ಲಿ ಬಿದ್ದು ಒಂದೇ ವಿಷಯ ಯೋಚಿಸುತ್ತಿದ್ದೇನೆ. ಹೆಂಗಸರು ಗಂಡಸರನ್ನು ಹೊತ್ತಾರೇ ಎಂದು ಈ ಉಗ್ರಾಣದಲ್ಲಿ ಎಷ್ಟು ವಾದ ಕೇಳಿದೆ! ಆ ಹೆಣ್ಣುಮಗಳಿಗೇ ಗುಂಡು ಬಿದ್ದರೆ ಅವಳನ್ನು ಯಾರು ಹೊರುತ್ತಾರೆ ಎಂದು ಒಬ್ಬರೂ ಕೇಳಲಿಲ್ಲ. ಗಾಯಾಳು ಎಂದ ಮೇಲೆ ಗಂಡಸೇ ಎಂದು ನಾನೂ ನಂಬಿಕೊಂಡಿದ್ದೆ.