ಶುಕ್ರವಾರದ ಕೆಂಡ

ಹೊಸಕೋಟೆಯ ಆಚೆಗಿನ ಹಳ್ಳಿಗಳವರಿಗೆ ಆಗ ದಂಡು ಎಂದರೆ ಪರದೇಶವೇ. ಮಹಾರಾಜರ ಸೀಮೆ ಮುಗಿದು ಅಲ್ಲಿಂದ ಮುಂದೆ ಇಂಗ್ಲಿಷರ ಸರ್ಕಾರ. ಪೊಲೀಸರು ಬೇರೆ, ಕಾನೂನು ಬೇರೆ, ಬೀದಿಯಲ್ಲಿ ಕಿವಿಗೆ ಬೀಳುವ ಮಾತಂತೂ ನಾಲ್ಕು ಬಗೆ. ಸಾಲದ್ದಕ್ಕೆ ಯುದ್ಧದ ಕಾಲ. ಎಲ್ಲಿ ನೋಡಿದರೂ ಕೆಂಪು ಮುಖದ ಸೋಲ್ಜರುಗಳು. ಅಂಥ ಕಡೆಗೆ ಆಂಜನಮ್ಮ ಒಬ್ಬಳೇ ಹೊರಟಾಗ ಅವಳ ಓರಗಿತ್ತಿ, "ಹೋಗೋಳು ಹೋಗು. ಅಲ್ಲಿ ಸತ್ರೆ ಹೊರೋಕೆ ಯಾರವ್ರೆ ಅಂತ ಮೊದ್ಲೇ ಕೇಳ್ಕೊಂಡಿರು" ಎಂದಿದ್ದಳು.

ಗಂಡ ತೀರಿಕೊಂಡ ಮೇಲೆ, ಮಕ್ಕಳಿಲ್ಲದ ಆಂಜನಮ್ಮ ಮೈದುನನ ಮನೆಯಲ್ಲಿ ರಾಗಿ ಬೀಸಿಕೊಂಡು, ದನದ ಕೊಟ್ಟಿಗೆ ಬಳಿದುಕೊಂಡು ಇದ್ದವಳು. ಬ್ಲಾಕ್‌ಪಳ್ಳಿಯಲ್ಲಿ, ಅಂದರೆ ಈಗಿನ ಶಿವಾಜಿನಗರದಲ್ಲಿ, ಸಿಪಾಯಿಗಳ ಖಾಕಿ ಅಂಗಿಗೆ ಗುಂಡಿ ಹೊಲಿಯಲು ಹೆಂಗಸರನ್ನು ತೆಗೆದುಕೊಳ್ಳುತ್ತಾರೆಂದು ಸಂತೆಯಲ್ಲಿ ಕೇಳಿ ಬಂದಳು. ಸೂಜಿ ಹಿಡಿಯುವ ಕೈ ಚೆನ್ನಾಗಿತ್ತು. ಬಂದ ಮಾರನೆಯ ದಿನವೇ ಕೆಲಸ ಸಿಕ್ಕಿತು. ಸಿಗದೇ ಹೋದದ್ದು ಮನೆ.

ಹಲಸೂರಿನ ದೂರದ ನೆಂಟರು ಜಗಲಿಯ ಮೇಲೆ ಮಲಗಲು ಬಿಟ್ಟಿದ್ದರು. ಬರಬರುತ್ತಾ ಅವರ ಮಾತು ಕಡಿಮೆಯಾಯಿತು. ಆಮೇಲೆ ಜಗಲಿಯ ಮೇಲೆ ಸೌದೆ ಜೋಡಿಸಲು ಶುರುಮಾಡಿದರು. ಕೆಲಸ ಬಿಟ್ಟ ಮೇಲೆ ಆಂಜನಮ್ಮ ಬೀದಿಬೀದಿ ಅಲೆದಳು. ಎಲ್ಲ ಕಡೆಯೂ ಮೊದಲ ಪ್ರಶ್ನೆ ಒಂದೇ: "ಯಜಮಾನ್ರು ಎಲ್ಲಿ?" ಇಲ್ಲವೆಂದರೆ ಎರಡನೆಯ ಪ್ರಶ್ನೆಯೇ ಇರಲಿಲ್ಲ. ಒಬ್ಬಾಕೆ ಮಾತ್ರ, "ಸೋಲ್ಜರುಗಳು ಓಡಾಡೋ ಬೀದಿ ಕಣಮ್ಮ. ಒಂಟಿ ಹೆಂಗಸನ್ನ ಇಟ್ಕೊಂಡ್ರೆ ನಮ್ಮನೆಗೂ ಹೆಸರು ಬರುತ್ತೆ" ಎಂದು ಬಾಯಿಬಿಟ್ಟು ಹೇಳಿ ಬಾಗಿಲು ಮುಂದೆ ಮಾಡಿಕೊಂಡಳು.

ಒಂದು ಸಂಜೆ ಕಾಲು ಸೋತು ಬೀದಿ ನಲ್ಲಿಯ ಪಕ್ಕ ಕೂತಿದ್ದಾಗ, ಎದುರು ಮನೆಯ ಗೋಣಿಪರದೆಯ ಹಿಂದಿನಿಂದ ಹೆಣ್ಣುದನಿ ಬಂತು.

"ಅಕ್ಕಾ, ನಿನ್ನೆಯಿಂದ ನೋಡ್ತಿದೀನಿ. ಏನು ಕಳ್ಕೊಂಡಿದೀಯ?"

"ಕಳ್ಕೊಂಡಿಲ್ಲವ್ವ. ಇನ್ನೂ ಸಿಕ್ಕೇ ಇಲ್ಲ" ಎಂದಳು ಆಂಜನಮ್ಮ.

ಪರದೆಯ ಹಿಂದೆ ನಗು ಕೇಳಿಸಿತು. ಅವಳು ಮೆಹರುನ್ನೀಸಾ. ಅವಳ ಗಂಡ ವಾಜಿದ್ ಮಿಲಿಟರಿ ಲಾರಿಯ ಡ್ರೈವರಾಗಿ ಸಮುದ್ರದಾಚೆ ಹೋಗಿದ್ದ. ಮನೆಯಲ್ಲಿ ಉಳಿದದ್ದು ಅವಳು ಮತ್ತು ಮಾವ ಇನಾಯತ್ ಉಲ್ಲಾ. ಕುದುರೆ ಜೀನು ಹೊಲಿದು ಬಾಳಿದ ಮುದುಕ. ಅವನ ಮನೆಯ ಗೋಡೆಗೆ ಅಂಟಿಕೊಂಡಂತೆ ಅವನದೇ ಒಂದು ಒಂಟಿಕೋಣೆ ಖಾಲಿ ಬಿದ್ದಿತ್ತು. ಅದನ್ನು ಆಂಜನಮ್ಮನಿಗೆ ಕೊಡಿ ಎಂದು ಮೆಹರುನ್ನೀಸಾ ಮಾವನನ್ನು ಕೇಳಿದಳು.

"ಗಂಡಸಿಲ್ದೋರಿಗೆ ಹೆಂಗಮ್ಮ ಕೊಡೋದು?" ಎಂದು ಮುದುಕ ಗಡ್ಡ ಕೆರೆದುಕೊಂಡ.

"ನಮ್ಮನೇಲಿ ಯಾವ ಗಂಡಸಿದಾನೆ ಮಾಮಾ ಈಗ?"

"ನಾನೇನು ಮತ್ತೆ? ಜೀನು ಹಾಕಿದ ಕುದುರೇನಾ?"

"ಹಂಗಾದ್ರೆ ಎರಡು ಮನೆಗೂ ನೀವೊಬ್ರೇ ಸಾಕು. ಕೊಡಿ."

ಇನಾಯತ್ ಉಲ್ಲಾ ಸೊಸೆಯ ಮುಖವನ್ನೇ ನೋಡಿ ಕೊನೆಗೆ ಹೇಳಿದ. "ನಿನ್ನ ಮಾತಿನ ಮೇಲೆ ಕೊಡ್ತೀನಿ. ನಾಳೆ ಏನಾದ್ರೂ ಬಂದ್ರೆ ಅವಳನ್ನ ಕೇಳಲ್ಲ, ನಿನ್ನನ್ನೇ ಕೇಳೋದು."

ಆ ರಾತ್ರಿ ಆಂಜನಮ್ಮ ಬಾಗಿಲಿಗೆ ಒಳಗಿನಿಂದ ಅಗಳಿ ಹಾಕಿಕೊಂಡು ಮಲಗಿದಳು. ತಾನೇ ಅಗಳಿ ಹಾಕಿಕೊಳ್ಳುವ ಬಾಗಿಲು ಅವಳಿಗೆ ಹುಟ್ಟಿದಾಗಿನಿಂದ ಇರಲಿಲ್ಲ.

ಬೆಂಕಿಕಡ್ಡಿ ಅಂಗಡಿಗಳಲ್ಲಿ ಕಾಣದಾಗಿದ್ದ ಕಾಲ ಅದು. ಪೇಟೆಯವರು ಪರದಾಡುತ್ತಿದ್ದರು, ಆಂಜನಮ್ಮನಿಗೆ ಅದೊಂದು ಕಷ್ಟವೇ ಅಲ್ಲ. ಹಳ್ಳಿಯಲ್ಲಿ ಮಾಡುತ್ತಿದ್ದಂತೆ ಬೆಳಿಗ್ಗೆ ಒಡೆದ ಮಡಕೆಯ ಓಡು ಹಿಡಿದು ಗೋಣಿಪರದೆಯ ಮುಂದೆ ನಿಲ್ಲುವಳು. ಮೆಹರುನ್ನೀಸಾ ಕೆಂಡ ಹಾಕುವಳು, ಜೊತೆಗೆ ನಾಲ್ಕು ಮಾತನ್ನೂ. ನೀರು, ಅನ್ನ ಮಾತ್ರ ಆಂಜನಮ್ಮ ಆ ಮನೆಯಿಂದ ಮುಟ್ಟುತ್ತಿರಲಿಲ್ಲ. ಬೆಂಕಿಗೆ ಮೈಲಿಗೆಯಿಲ್ಲ ಎಂಬುದು ಅವಳ ಅತ್ತೆಯ ಮಾತು. ಮೆಹರುನ್ನೀಸಾ ಅದನ್ನು ಬಲ್ಲವಳಾಗಿ ಒತ್ತಾಯ ಮಾಡುತ್ತಿರಲಿಲ್ಲ. "ನಿನಗೆ ನಮ್ಮನೆ ಊಟ ಬೇಡ, ಒಲೆ ಮಾತ್ರ ಬೇಕು" ಎಂದು ಛೇಡಿಸುವಳು, ಅಷ್ಟೇ. ಕೆಲಸದಲ್ಲಿ ತಮಿಳರ ಮಾತು ಅರ್ಥವಾಗದೆ ಇಡೀ ದಿನ ಮೂಕಿಯಂತಿರುತ್ತಿದ್ದವಳಿಗೆ ಬೆಳಗಿನ ಆ ನಾಲ್ಕು ಮಾತೇ ದಿನದ ಆಧಾರ.

ಹೀಗಿರುವಾಗ ಮಳೆಗಾಲದ ಒಂದು ಶುಕ್ರವಾರ, ಆಂಜನಮ್ಮ ಕೆಲಸದಿಂದ ಬಂದು, ಬೂದಿಯಲ್ಲಿ ಮುಚ್ಚಿಟ್ಟಿದ್ದ ಕೆಂಡವನ್ನು ಕೆದಕಿ ಒಲೆ ಹೊತ್ತಿಸಿ, ದೀಪ ಹಚ್ಚಿ ಕೈಮುಗಿದಿದ್ದಳು. ಬಾಗಿಲಲ್ಲಿ ಮೆಹರುನ್ನೀಸಾ. ತಲೆಯ ಮೇಲೆ ಸೆರಗು, ಕೈಯಲ್ಲಿ ಓಡು.

"ಅಕ್ಕಾ, ಒಂದು ಕೆಂಡ ಹಾಕು. ಸೌದೆ ನೆಂದು ನಮ್ಮ ಒಲೆ ಆರಿಹೋಗಿದೆ. ಮಾಮಾಗೆ ನಡುಕ, ಜ್ವರ. ಒಂದಿಷ್ಟು ಗಂಜಿ ಮಾಡ್ಬೇಕು."

"ಇವತ್ತಾಗಲ್ಲವ್ವ. ಶುಕ್ರವಾರ ಅಲ್ವಾ" ಎಂದಳು ಆಂಜನಮ್ಮ.

ಹಳ್ಳಿಯಲ್ಲಿ ಆ ಮಾತಿಗೆ ಬಾಲ ಬೇಕಿರಲಿಲ್ಲ. ಶುಕ್ರವಾರ ದೀಪ ಹಚ್ಚಿದ ಮೇಲೆ ಬೆಂಕಿ ಹೊಸ್ತಿಲು ದಾಟಿದರೆ ಅದರ ಬೆನ್ನಿಗೆ ಲಕ್ಷ್ಮಿಯೂ ದಾಟುತ್ತಾಳೆಂದು ಎಳೆಮಕ್ಕಳಿಗೂ ಗೊತ್ತು. ಕೇಳುವವರೂ ಇಲ್ಲ, ಬೇಜಾರು ಮಾಡಿಕೊಳ್ಳುವವರೂ ಇಲ್ಲ. ಮೆಹರುನ್ನೀಸಾ ಮಾತ್ರ ಓಡನ್ನು ಸೆರಗಿನೊಳಕ್ಕೆ ಎಳೆದುಕೊಂಡು, ಅವಳ ಮುಖವನ್ನೂ ನೋಡದೆ "ಸರಿ" ಎಂದು ತಿರುಗಿ ಹೋದಳು.

ಏನೋ ತಪ್ಪಿತೆಂದು ಆಂಜನಮ್ಮನಿಗೆ ಆಗಲೇ ಅನ್ನಿಸಿತು. ಏನೆಂದು ತಿಳಿದದ್ದು ಗೋಡೆಯಾಚೆಯ ಮುದುಕನ ದನಿಯಿಂದ. ಮನೆಯಲ್ಲಿ ದಖನಿ ಉರ್ದು ಮಾತಾಡುವವನು ಅವಳಿಗೆ ಕೇಳಲೆಂದೇ ಕನ್ನಡದಲ್ಲಿ ಹೇಳುತ್ತಿದ್ದ.

"ಶುಕ್ರವಾರ ಅಂದ್ರೆ ನಮಗೆ ಜುಮ್ಮಾ. ಆ ದಿನ ನಮ್ಮ ನೆರಳೂ ಆಗಲ್ವಂತಾ ಅವಳಿಗೆ? ದಿನಾ ನಮ್ಮ ಒಲೆ ಕೆಂಡ ಆಗುತ್ತೆ. ಬೆಳಗಾಗ್ಲಿ, ಸಾಮಾನು ಎತ್ಕೊಂಡು ಹೋಗ್ಲಿ."

"ಕರ್ಕೊಂಡು ಬಂದೋಳು ನಾನು ಮಾಮಾ" ಎಂದಳು ಮೆಹರುನ್ನೀಸಾ ಮೆಲ್ಲಗೆ. "ನಾನೇ ಹೇಳ್ತೀನಿ ಬಿಡಿ."

ಮುದುಕನ ಗದರಿಕೆಗಿಂತ ಆ ಮೆಲುದನಿ ಆಂಜನಮ್ಮನನ್ನು ಚುಚ್ಚಿತು. ಮತ್ತೆ ಹಲಸೂರಿನ ಜಗಲಿ. ಇಲ್ಲವಾದರೆ ಓರಗಿತ್ತಿಯ ಕೊಟ್ಟಿಗೆ. ಅದಾದರೂ ಇರಲಿ, ಈ ಊರಿನಲ್ಲಿ ತನ್ನನ್ನು ಕರೆದು ಮಾತಾಡಿಸಿದ ಒಂದೇ ಬಾಯಿ ಮುಚ್ಚಿಹೋಗುತ್ತದಲ್ಲ. ಒಲೆಯ ಮುಂದೆ ಕುಕ್ಕರಗಾಲಿನಲ್ಲಿ ಕೂತಳು. ಕೆಂಡ ಕೊಟ್ಟುಬಿಡಲೇ ಎಂದು ಓಡಿಗೆ ಕೈಹಾಕಿದಳು. ಕೈ ಏಳಲಿಲ್ಲ, ಹುಟ್ಟಿದಂದಿನಿಂದ ಬಂದದ್ದು ಅಷ್ಟು ಬೇಗ ಬಿಡುವುದಲ್ಲ.

ಹಳ್ಳಿಯಲ್ಲಿ ಇಂಥ ಹೊತ್ತು ಬಂದಾಗ ಏನು ಮಾಡುತ್ತಿದ್ದರು? ಬಾಣಂತಿ ಮನೆಯ ಒಲೆ ಶುಕ್ರವಾರ ಆರಿದರೆ, ಅವರ ಮಡಕೆಯನ್ನೇ ತರಿಸಿ ತಮ್ಮ ಒಲೆಯ ಮೇಲೆ ಬೇಯಿಸಿ ಕಳಿಸುತ್ತಿದ್ದರು. ಬೆಂಕಿ ಹೊಸ್ತಿಲು ದಾಟಬಾರದು, ಮಡಕೆ ದಾಟಬಹುದು. ಆದರೆ ಅವು ಕುಲದವರ ಮಡಕೆಗಳು. ಮೆಹರುನ್ನೀಸಾಳ ಪಾತ್ರೆಯಲ್ಲಿ ಏನೇನು ಬೆಂದಿದೆಯೋ. ಅದು ತನ್ನ ಒಲೆ ಏರಿತೆಂದು ಗೊತ್ತಾದರೆ ಊರಿನಲ್ಲಿ ಪಂಚಾಯ್ತಿ ಸೇರಿಸಿಯಾರು. ಸೇರಿಸಲಿ, ಎಂದುಕೊಂಡಳು. ಹಾಗೆ ಪಂಚಾಯ್ತಿ ಸೇರಿಸುವವರಲ್ಲಿ ಒಬ್ಬರೂ ತನಗೊಂದು ಅಗಳಿಯಿರುವ ಬಾಗಿಲು ಕೊಟ್ಟವರಲ್ಲ.

ಎದ್ದುಹೋಗಿ ಗೋಣಿಪರದೆಯ ಮುಂದೆ ನಿಂತಳು.

"ಬೂಬಮ್ಮ, ನಿಮ್ಮ ಗಂಜಿ ಪಾತ್ರೆ ತಗೊಂಬಾ. ನನ್ನ ಒಲೆ ಮ್ಯಾಲೇ ಇಡು."

ಆಂಜನಮ್ಮ ಪರದೆಗೇ ಎಲ್ಲ ಹೇಳಿದಳು. ಲಕ್ಷ್ಮಿಯ ವಿಷಯ, ಅತ್ತೆಯ ವಿಷಯ, ಸ್ವಂತ ತಂಗಿ ಬಂದು ಕೇಳಿದರೂ ಶುಕ್ರವಾರ ಕೊಡುವುದಿಲ್ಲ ಎಂಬುದು. ಪರದೆ ಸರಿಯಿತು. ಮೆಹರುನ್ನೀಸಾಳ ಕಣ್ಣು ಕೆಂಪಾಗಿತ್ತು.

"ಇಷ್ಟೇನಾ? ನಾವು ಸಾಬರು ಅಂತ ಅಲ್ಲ ತಾನೇ?"

"ಸಾಬರು ಅಂತ ದಿನಾ ಗೊತ್ತಿತ್ತಲ್ವಾ ನಂಗೆ? ಶುಕ್ರವಾರ ಒಂದೇ ದಿನ ಗೊತ್ತಾಯ್ತದಾ?"

"ನಮ್ಮ ಪಾತ್ರೆ ಕಣಕ್ಕ. ಯೋಚ್ನೆ ಮಾಡಿದೀಯಾ?"

"ಮಾಡ್ಕೊಂಡೇ ಬಂದಿದೀನಿ. ಬಿರ್ರನೆ ಬಾ, ಮುದುಕಪ್ಪ ನಡುಗ್ತಾವ್ರೆ."

ಅಲ್ಯೂಮಿನಿಯಂ ಪಾತ್ರೆ ಒಲೆ ಏರಿತು. ಆಂಜನಮ್ಮ ಉರಿ ಊದಿದಳು, ಮೆಹರುನ್ನೀಸಾ ಅಕ್ಕಿ ಕದಡಿದಳು. ಗಂಜಿ ಗೋಡೆಯಾಚೆ ಹೋದ ಸ್ವಲ್ಪ ಹೊತ್ತಿಗೆ ಮುದುಕನ ದನಿ ಮತ್ತೆ ಕನ್ನಡದಲ್ಲಿ ಬಂತು.

"ಆಂಜನಮ್ಮಾ, ಉಪ್ಪು ಕಮ್ಮಿ ಆಗಿದೆ."

"ಉಪ್ಪೂ ಇವತ್ತು ಕೊಡಂಗಿಲ್ಲ ಸಾಬ್ರೇ" ಎಂದು ಆಂಜನಮ್ಮ ಇಲ್ಲಿಂದಲೇ ಹೇಳಿದಳು.

ಆಚೆ ಕಡೆ ಕೆಮ್ಮಿನ ಜೊತೆ ನಗು ಬೆರೆತು ಕೇಳಿಸಿತು. ಸಾಮಾನಿನ ಮಾತು ಆಮೇಲೆ ಅವನ ಬಾಯಲ್ಲಿ ಬರಲಿಲ್ಲ.

ಮೆಹರುನ್ನೀಸಾ ವಾಪಸು ಬಂದು ತಳದಲ್ಲಿ ಉಳಿದ ಗಂಜಿಯನ್ನು ತನಗೆ ಬಗ್ಗಿಸಿಕೊಂಡಳು. ಆಂಜನಮ್ಮ ಗೂಡಿನಿಂದ ತನ್ನ ಬಟ್ಟಲನ್ನೂ ತೆಗೆದು ಮುಂದೆ ಚಾಚಿದಳು. ಮೆಹರುನ್ನೀಸಾ ಏನೂ ಕೇಳದೆ ತನ್ನ ಪಾಲಿನಲ್ಲೇ ಅರ್ಧ ಅದಕ್ಕೆ ಬಗ್ಗಿಸಿದಳು. ಇಬ್ಬರೂ ಒಲೆಯ ಕಾವಿಗೆ ಬೆನ್ನು ಕೊಟ್ಟು ಕೂತು ಕುಡಿದರು.

"ಈಗ್ಲೇ ಹೇಳಿಬಿಡು. ಶುಕ್ರವಾರ ಇನ್ನೇನೇನು ಕೊಡಲ್ಲ?"

"ಮೊಸರು, ಸೂಜಿ, ಪೊರಕೆ."

"ಮಂಗಳವಾರ?"

"ಮಂಗಳವಾರಾನೂ ಅಷ್ಟೇಯ."

"ಅಯ್ಯೋ, ಯಾವಾಗ ಕೇಳ್ಬೇಕಮ್ಮ ನಿನ್ನ?"

"ಬುಧವಾರ ಕೇಳವ್ವ" ಎಂದಳು ಆಂಜನಮ್ಮ. "ಏನು ಬೇಕಾದ್ರೂ ಕೇಳು."