ಮುಖವಿಲ್ಲದ ಫೋಟೊ

ಯಾರ ಮುಖವೂ ಕಾಣುವುದಿಲ್ಲ ಎಂದು ಮಾಲತೇಶ ಮಾತು ಕೊಟ್ಟಿದ್ದ. ಮಂಡಕ್ಕಿ ಹುರಿಯುವ ಭಟ್ಟಿಯ ಹೆಂಗಸರು ಒಪ್ಪಿದ್ದು ಆ ಒಂದು ಮಾತಿಗೆ. ಒಲೆಗೆ ಭತ್ತದ ಹೊಟ್ಟಿನ ಬದಲು ಹಳೇ ಟೈರು ತುರುಕುತ್ತಾರೆ, ಕೆಮ್ಮಿ ಕೆಮ್ಮಿ ಎದೆಗೂಡು ಹಣ್ಣಾಗಿದೆ ಎಂದು ಮಾಲೀಕರಾದ ಬುಡನ್ ಸಾಬರಿಗೆ ಎಷ್ಟು ಸಲ ಹೇಳಿದರೂ, ಹೊಗೆಯಿಲ್ಲದ ಒಲೆ ಯಾವ ಮನೆಯಲ್ಲಿದೆ ಎಂದು ಅವರು ನಕ್ಕುಬಿಡುತ್ತಿದ್ದರು. ಕೊನೆಗೆ ಆ ಹೊಗೆಯನ್ನು ಊರಿಗೆ ತೋರಿಸಲು ಹೆಂಗಸರು ಹಿಡಿದದ್ದು ನಿಟ್ಟುವಳ್ಳಿ ಬಡಾವಣೆಯ ಸ್ಟುಡಿಯೊದಲ್ಲಿ ಮದುವೆ ಫೋಟೊ ತೆಗೆಯುತ್ತಿದ್ದ ಮಾಲತೇಶನನ್ನು. ಬಿ.ಎ. ಮುಗಿಸಿದ್ದ, ಮಾತು ಕಡಿಮೆ. ಅವರಿಗೆ ಹಿಡಿಸಿದ್ದೂ ಅದೇ.

ಶುಕ್ರವಾರ ಸಾಬರು ನಮಾಜಿಗೆ ಹೋದ ಹೊತ್ತು ನೋಡಿ ಒಳಹೊಕ್ಕ. ಐದು ನಿಮಿಷಕ್ಕೇ ಕಣ್ಣು ಉರಿದವು. ಈ ಹೆಂಗಸರು ಇದರೊಳಗೆ ದಿನವೆಲ್ಲ ಹೇಗೆ ನಿಲ್ಲುತ್ತಾರೆ ಎಂದು ಬೆರಗಾಯಿತು. ಬಗ್ಗಿದ ಒಂದು ಬೆನ್ನು, ಬಿಸಿ ಮರಳಿನಿಂದ ಮಂಡಕ್ಕಿ ಬೇರ್ಪಡಿಸುವ ಜರಡಿ, ಅದರ ಅಂಚಿಗೆ ಕಟ್ಟಿದ್ದ ಗಿಣಿಹಸಿರು ಚಿಂದಿ, ಇಷ್ಟನ್ನೇ ಕ್ಯಾಮೆರಾದಲ್ಲಿ ಹಿಡಿದ. ಕಪ್ಪು ಹೊಗೆಯಲ್ಲಿ ಆ ಹಸಿರೊಂದೇ ಹೊಳೆಯುತ್ತಿತ್ತು. ಸಂಜೆ ಆ ಚಿತ್ರವನ್ನು ಇನ್‌ಸ್ಟಾಗ್ರಾಮಿಗೂ ಹರಿಹರದ ಕಾರ್ಮಿಕರ ವಾಟ್ಸಾಪ್ ಗುಂಪಿಗೂ ಹಾಕಿದ. ಬೆಳಗಾಗುವುದರೊಳಗೆ ಅದು ಈ ಊರನ್ನೂ ಹರಿಹರವನ್ನೂ ಸುತ್ತಿತ್ತು.

ಒಂಬತ್ತು ಗಂಟೆಗೆ ಮೆಹರ್ ಬಾನುವಿನ ಕೆಲಸ ಹೋಯಿತು.

ಆ ಭಟ್ಟಿಯಲ್ಲಿ ಒಬ್ಬರ ಜರಡಿಯನ್ನು ಇನ್ನೊಬ್ಬರು ಮುಟ್ಟುವುದಿಲ್ಲ. ಕೈಗೆ ಒಗ್ಗಿದ್ದು ಕೈತಪ್ಪಬಾರದೆಂದು ಪ್ರತಿಯೊಬ್ಬಳೂ ತನ್ನ ಜರಡಿಗೆ ತನ್ನ ಹಳೇ ಬಟ್ಟೆಯ ಚೂರು ಕಟ್ಟಿಕೊಂಡಿರುತ್ತಾಳೆ. ಗಿಣಿಹಸಿರು ಯಾರದೆಂದು ಸಾಬರಿಗೆ ಇಪ್ಪತ್ತು ವರ್ಷದಿಂದ ಗೊತ್ತು. ಮುಖ ಮರೆಸಿದ ಮಾಲತೇಶ ಅವಳ ಗುರುತನ್ನೇ ಊರಿಗೆಲ್ಲ ಹಂಚಿದ್ದ. ಹಾಕುವ ಮೊದಲು ಒಂದು ಸಲ ತೋರಿಸಿದ್ದರೆ ಯಾರಾದರೂ ಹೇಳುತ್ತಿದ್ದರು. ತೋರಿಸಿರಲಿಲ್ಲ.

ಮಧ್ಯಾಹ್ನ ಸುದ್ದಿ ಕೇಳಿ ಮಾಲತೇಶ ಅವಳ ಮನೆಗೆ ಹೋದಾಗ ಮೆಹರ್ ಬಾನು ಹೊಸ್ತಿಲಲ್ಲಿ ಕೂತು ಬೆಳ್ಳುಳ್ಳಿ ಸುಲಿಯುತ್ತಿದ್ದಳು. ಕೂರಲು ಮಣೆ ತಳ್ಳಿದಳು. ಅವನು ಬೈಗುಳಕ್ಕಾಗಿ ಕಾದ. ಅವಳಿಂದ ಬರೀ ಕೆಮ್ಮು ಬಂತು.

"ತಪ್ಪು ನಂದು, ಆಪಾ. ಈಗ್ಲೇ ಅಳಿಸಿಬಿಡ್ತೀನಿ."

"ಅಳಿಸಿದ್ರೆ ಕೆಲ್ಸ ತಿರುಗಿ ಬರ್ತೈತೇನು?" ಅವಳು ತಲೆ ಎತ್ತಲಿಲ್ಲ. "ಸಾಬ್ರು ಏನಂತಾರೆ ಗೊತ್ತೈತಾ? ಇದು ನಮ್ ಭಟ್ಟಿದಲ್ಲ, ಯಾವ್ದೋ ಬ್ಯಾರೆ ಊರಿನ ಫೋಟೊ ಅಂತ ಬಜಾರೆಲ್ಲ ಹೇಳ್ಕಂತ ಹೊಂಟಾರೆ. ಮುಖ ಇಲ್ಲಲ್ಲ, ಜನ ನಂಬ್ತಾರೆ. ಮದ್ವಿ ಹೆಣ್ಣಿನ್ನ ಕುಂದ್ರಿಸಿ ತೆಗೀತೀಯಲ್ಲ, ಹಂಗೆ ನಂದು ತೆಗಿ. ನಗು ಅಂತ ಮಾತ್ರ ಹೇಳಬ್ಯಾಡ."

ಮುಖ ಕಂಡರೆ ಊರಿನ ಯಾವ ಭಟ್ಟಿಯವರೂ ಸೇರಿಸಿಕೊಳ್ಳುವುದಿಲ್ಲ ಎಂದು ಅವನು ಬಿಡಿಸಿ ಹೇಳಿದ. ಅವಳಿಗೆ ಅದು ಅವನಿಗಿಂತ ಚೆನ್ನಾಗಿ ಗೊತ್ತಿತ್ತು. ಬೆಳ್ಳುಳ್ಳಿ ಸಿಪ್ಪೆ ಕೊಡವಿ, ಸೆರಗು ಸರಿಮಾಡಿಕೊಂಡು, ಬೆಳಕಿಗೆ ಮುಖಮಾಡಿ ಕೂತಳು. ನೂರಾರು ಮದುಮಕ್ಕಳನ್ನು ಕೂರಿಸಿದ ಮಾಲತೇಶನಿಗೆ ಇಷ್ಟು ನೆಟ್ಟಗೆ ಕ್ಯಾಮೆರಾ ನೋಡಿದವರು ನೆನಪಾಗಲಿಲ್ಲ. ಈ ಸಲ ಮೊದಲು ಅವಳಿಗೇ ತೋರಿಸಿದ. ಇಷ್ಟು ವಯಸ್ಸಾಯಿತೇ ತನಗೆ ಎಂದು ಸ್ವಲ್ಪ ಹೊತ್ತು ನೋಡಿದಳು. ಆಮೇಲೆ ಚಿತ್ರದ ಕೆಳಗೆ ಏನು ಬರೆಯಬೇಕೆಂದು ಅವಳೇ ಹೇಳಿದಳು.

"ನಾನು ಮೆಹರ್ ಬಾನು. ನೀವು ತಿನ್ನೋ ಮಂಡಕ್ಕಿ ಹುರಿಯಾಕಿ. ಇಪ್ಪತ್ತು ವರ್ಷ ಭಟ್ಟಿ ಹೊಗೆ ಕುಡ್ದೀನಿ. ಈಗ ಟೈರಿನ ಹೊಗೆ."

ಸಂಜೆಯಾದರೆ ಮಂಡಕ್ಕಿ, ಮೆಣಸಿನಕಾಯಿ ಬಜ್ಜಿ ಇಲ್ಲದೆ ಈ ಊರಿಗೆ ಹೊತ್ತು ಮುಳುಗುವುದಿಲ್ಲ. ಆ ಚಿತ್ರ ಹರಿದಾಡಿದ ಮೇಲೆ, ಮಂಡಕ್ಕಿ ಯಾವ ಭಟ್ಟಿಯದು ಎಂದು ಗಿರಾಕಿಗಳು ಕೇಳತೊಡಗಿದರು. ಅಂಗಡಿಯವರು ಬುಡನ್ ಸಾಬರ ಚೀಲ ಇಳಿಸಿಕೊಳ್ಳಲಿಲ್ಲ. ಹರಿಹರದ ಭಟ್ಟಿಗಳ ಇಬ್ಬರು ಹೆಂಗಸರು ತಮ್ಮ ಮುಖದ ಫೋಟೊ ತಾವೇ ತೆಗೆದು, ಹೆಸರು ಸಮೇತ ಕಳಿಸಿದರು. ಮಾಲತೇಶ ಅವನ್ನೂ ಹಾಕಿದ, ಒಂದಕ್ಷರ ತಿದ್ದದೆ.

ನಾಲ್ಕನೇ ದಿನ ಕೆಲಸಕ್ಕೆ ಬಾ ಎಂದು ಸಾಬರು ಹೇಳಿಕಳಿಸಿದರು. ಮೊದಲು ಟೈರು ಹೋಗಲಿ, ಆಮೇಲೆ ನಾನು ಬರ್ತೀನಿ ಎಂದು ಅವಳು ಹೇಳಿಕಳಿಸಿದಳು.

ಐದನೇ ದಿನ ಬೆಳಿಗ್ಗೆ ಮಾಲತೇಶ ಭಟ್ಟಿಗೆ ಹೋಗುವಷ್ಟರಲ್ಲಿ ಟ್ರ್ಯಾಕ್ಟರಿಗೆ ಟೈರು ತುಂಬುತ್ತಿದ್ದರು. ಕೊನೆಯ ಟೈರು ಏರುವವರೆಗೂ ಮೆಹರ್ ಬಾನು ಬಾಗಿಲಾಚೆಯೇ ನಿಂತಿದ್ದಳು. ಸಾಬರು ಅವಳ ಕಡೆ ನೋಡದೆ ಗೋಡೆಗೆ ಮುಖ ಮಾಡಿದ್ದರು. ಟ್ರ್ಯಾಕ್ಟರ್ ಹೊರಟ ಮೇಲೆ ಅವಳು ಅವರ ಮುಂದೆ ಹಾದು ಒಳಗೆ ಕಾಲಿಟ್ಟಳು.

"ಒಲೆ ಹಚ್ಚಾಕೆ ಹೊಟ್ಟು ತರಿಸೀರೇನ್ರೀ?"

ಸಾಬರು ಮೂಲೆಯಲ್ಲಿದ್ದ ಹೊಟ್ಟಿನ ಚೀಲಗಳ ಕಡೆ ಕೈ ತೋರಿಸಿದರು.