ಚಾರ್ಜರಿನ ಕೆಂಪು ದೀಪ

ಶವಪೆಟ್ಟಿಗೆ ಮುಚ್ಚುವ ಮುಂಚೆ ಮನೆಯವರೆಲ್ಲ ಅದರ ಸುತ್ತ ನಿಂತು ಫೋಟೊ ತೆಗೆಸಿಕೊಳ್ಳುವುದು ಇಲೊಯಿಲೊ ಪ್ರಾಂತ್ಯದ ಕಡೆಯ ವಾಡಿಕೆ. ಲುಡಿಂಗ್ ಕಾದಿದ್ದದ್ದು ಅದಕ್ಕೇ. ಹಾಸಿಗೆ ಹಿಡಿದು ಈಗ ತೀರಿಕೊಂಡ ಅಮ್ಮನ ಹೇಲುಚ್ಚೆ ಬಳಿದವಳು ಅವಳು, ಆದರೆ ಅಮ್ಮನ ಜೊತೆ ಅವಳದೊಂದೂ ಫೋಟೊ ಇರಲಿಲ್ಲ. ಊರಿನ ಫೋಟೊಗ್ರಾಫರನಿಗೆ ಹೇಳಿಯೂ ಇಟ್ಟಿದ್ದಳು.

ಹಾಂಗ್‌ಕಾಂಗಿನಿಂದ ಬಂದಿಳಿದ ತಂಗಿ ನೆನಿತಾ ಅವನನ್ನು ಬಾಗಿಲಿಂದಲೇ ವಾಪಸು ಕಳಿಸಿದಳು. ತನ್ನ ಡಿಜಿಟಲ್ ಕ್ಯಾಮೆರಾ ಇರುವಾಗ ಇವನ್ಯಾಕಂತೆ. ಏನು ಜಂಭವೋ! ಶವದ ಜಾಗರಣೆಗೆ ಬಂದವರು ಇಸ್ಪೀಟು ಆಡುವುದನ್ನು, ಬಿಸ್ಕತ್ತು ತಿನ್ನುವುದನ್ನು, ತನ್ನದೇ ಮೋರೆಯನ್ನು ಫ್ಲ್ಯಾಶ್ ಹೊಡೆದು ತೆಗೆದಳು. ತೆಗೆದದ್ದನ್ನು ಹಿಂದಿನ ಪುಟ್ಟ ಪರದೆಯಲ್ಲಿ ಊರಿಗೆಲ್ಲ ತೋರಿಸಿದಳು. ಕರೆಂಟನ್ನು ನಂಬಬೇಡ, ಬ್ಯಾಟರಿ ಚಾರ್ಜಿಗೆ ಹಾಕು ಎಂದು ಲುಡಿಂಗ್ ಹೇಳಿದರೆ ನಕ್ಕುಬಿಟ್ಟಳು.

"ಮನಾಂಗ್, ಇದು ನಿನ್ನ ಟಾರ್ಚಿನ ಸೆಲ್ ಅಲ್ಲ. ಎಷ್ಟು ಸಲ ಬೇಕಾದ್ರೂ ಚಾರ್ಜ್ ಆಗುತ್ತೆ. ನಿಂಗೆ ಗೊತ್ತಾಗಲ್ಲ, ಬಿಡು."

ಅಕ್ಕಾ ಎಂದು ಕರೆದೇ ತಿವಿಯುವುದು ಅವಳ ಹಳೇ ಚಾಳಿ.

ಮಣ್ಣು ಮಾಡುವ ದಿನ ಬೆಳಗ್ಗೆ ಕರೆಂಟು ಹೋಯಿತು. ಪಾದ್ರಿ ಬಂದರು, ನೆಂಟರು ಸಾಲಾಗಿ ನಿಂತರು, ಲುಡಿಂಗ್ ತಲೆ ಬಾಚಿಕೊಂಡು ಅಮ್ಮನ ತಲೆಯ ಹತ್ತಿರ ನಿಂತಳು. ಕ್ಯಾಮೆರಾ ಕಣ್ಣೇ ಬಿಡಲಿಲ್ಲ. ಎದುರಿನ ಅಂಗಡಿಯಿಂದ ಸೆಲ್ ತಂದು ಹಾಕಿದರೆ ಲೆನ್ಸು ಮೂತಿ ಹೊರಗೆ ಹಾಕಿ, ಮತ್ತೆ ಒಳಗೆಳೆದುಕೊಂಡು ಆರಿಹೋಯಿತು. ಅಗ್ಗದ ಸೆಲ್ಲಿಗೆ ಅದರ ಹಸಿವು ತೀರುವಂತಿರಲಿಲ್ಲ. ಫೋಟೊಗ್ರಾಫರ್ ಮುನಿಸಿಕೊಂಡು ಬೇರೆ ಊರಿನ ಮದುವೆಗೆ ಹೋಗಿದ್ದ. ಲುಡಿಂಗ್‌ಗೆ ಮೈಯೆಲ್ಲ ಉರಿಯಿತು.

ಪೆಟ್ಟಿಗೆಗೆ ಹಾಕಲು ಮುಚ್ಚಳ ಎತ್ತುವಷ್ಟರಲ್ಲಿ ಕರೆಂಟು ಬಂತು. ನೆನಿತಾ ಓಡಿಹೋಗಿ ಬ್ಯಾಟರಿಗಳನ್ನು ಚಾರ್ಜರಿಗೆ ತುರುಕಿದಳು. ಕೆಂಪು ದೀಪ ಹತ್ತಿತು. ಅರ್ಧ ಗಂಟೆ ಸಾಕು ಎಂದು ಗೋಗರೆದಳು. ಹಿರಿಮಗಳು ಹೂಂ ಅಂದರೆ ಕಾಯಲು ಪಾದ್ರಿಯೂ ಸಿದ್ಧರಿದ್ದರು.

ಆ ಫೋಟೊ ಎಲ್ಲರಿಗಿಂತ ಹೆಚ್ಚಾಗಿ ಲುಡಿಂಗ್‌ಗೇ ಬೇಕಾಗಿತ್ತು. ಆದರೆ ಅದರಲ್ಲಿ ನೆನಿತಾಳೂ ಇರುತ್ತಾಳೆ, ಅಮ್ಮನ ಹಣೆ ಮೇಲೆ ಕೈಯಿಟ್ಟುಕೊಂಡು. ಹಾಂಗ್‌ಕಾಂಗಿನಲ್ಲಿ ಅದನ್ನೇ ನಾಲ್ಕು ಜನಕ್ಕೆ ತೋರಿಸಿ ಅಳುತ್ತಾಳೆ.

"ಮುಚ್ಚಿ, ಫಾದರ್," ಎಂದಳು.

"ಮನಾಂಗ್, ನಿಂಗೂ ಅಮ್ಮನ ಜೊತೆ ಒಂದೂ ಫೋಟೊ ಇಲ್ಲ ಕಣೇ."

"ಬಾಗಿಲು ನೋಡ್ತಾ ನೋಡ್ತಾ ನಿಂಗೋಸ್ಕರ ಕಾದೇ ಸತ್ತಳು. ಇನ್ನು ನಿನ್ನ ಬ್ಯಾಟರಿಗೂ ಕಾಯ್ಬೇಕಾ?"

ಮುಚ್ಚಳ ಇಟ್ಟರು. ತಿರುಪು ಬಿಗಿದರು.

ಸ್ಮಶಾನದಿಂದ ಮರಳಿದಾಗ ಚಾರ್ಜರಿನ ದೀಪ ಹಸಿರಾಗಿತ್ತು. ಪೆಟ್ಟಿಗೆ ಇಟ್ಟಿದ್ದ ಜಾಗ ಖಾಲಿಯಿತ್ತು. ಲುಡಿಂಗ್ ಅಲ್ಲೇ ಗೋಡೆಗೊರಗಿ ನಿಂತಳು. ಫೋಟೊಗೆಂದು ಬಾಚಿಕೊಂಡ ತಲೆ ಇನ್ನೂ ಕೆದರಿರಲಿಲ್ಲ.